ಠೀವಿಯ ಹೊಟ್ಟೆನೋವು

ಹೆಣ್ಣು ಕುದುರೆ ಠೀವಿ ರಾತ್ರಿಯ ಹುಲ್ಲನ್ನೆಲ್ಲ ತಿಂದು ಮುಗಿಸಿದ್ದನ್ನು ಕಂಡಾಗ ಅವನಿಗೆ ಆಗಬೇಕಾಗಿದ್ದ ಸಂತೋಷ ಆಗಲಿಲ್ಲ. ಗೋಡೆಯ ಕೊಂಡಿಗೆ ತೂಗುಹಾಕಿದ್ದ ಬಲೆಚೀಲ ಖಾಲಿಯಾಗಿ ಜೋತುಬಿದ್ದಿತ್ತು. ಕೆಳಗೆ ಉದುರಿದ ಎಳೆಗಳನ್ನೂ ಕುದುರೆ ಬಿಟ್ಟಿರಲಿಲ್ಲ. ಮೂತಿಯಿಂದಲೇ ಗುಡಿಸಿದ ಹಾಗೆ ನೆಲ ಚೊಕ್ಕಟವಾಗಿತ್ತು. ಲಾಯದ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಔಷಧಿಯ ಪಿಚಕಾರಿಯನ್ನು ಹಿಂದೆ ಮುಂದೆ ತಿರುಗಿಸುತ್ತ, ಇದು ಒಳ್ಳೆಯ ಸುದ್ದಿ ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ. ಹೋದ ವಾರದವರೆಗೂ ಅವನು ಬಂದ ಕೂಡಲೇ ಕಿವಿ ಹಿಂದಕ್ಕೆ ಮಡಿಸಿ, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡಿಕೊಂಡು ಹಲ್ಲು ಕಡಿಯುತ್ತಿದ್ದ ಪ್ರಾಣಿ ಇವತ್ತು ಕಿವಿ ನೆಟ್ಟಗೆ ಮಾಡಿ ಬಾಯಿ ಕೊಟ್ಟಿತು. ತುಟಿಯ ಮೂಲೆಯಲ್ಲಿ ಪಿಚಕಾರಿಯಿಟ್ಟು ಒತ್ತಿದಾಗ ಕಹಿಗೆ ಮುಖ ಸಿಂಡರಿಸಿ, ಮೇಲ್ದುಟಿ ಎತ್ತಿ, ದೊಡ್ಡ ಹಳದಿ ಹಲ್ಲುಗಳನ್ನು ತೋರಿಸಿತು. ನಿನಗೇನು ಮಹಾತಾಯಿ, ನಗು, ಎಂದುಕೊಂಡ. ಕುದುರೆಗೆ ವಾಸಿಯಾಗುತ್ತಿದೆ ಅಂತ ಅಕ್ಕನಿಗೆ ಹೇಳಿದರೆ ಅಕ್ಕ ಇನ್ನು ದಿನಾ ಫೋನು ಮಾಡುವುದಿಲ್ಲ. ಅಷ್ಟೇ ವಿಷಯ. ನಲವತ್ತೆಂಟು ವರ್ಷದ ಗಂಡಸು, ಸವಾರಿ ಶಾಲೆಯ ಮೇಷ್ಟ್ರು, ಮಕ್ಕಳಿಗೆ ಬೆನ್ನು ನೆಟ್ಟಗಿಡಿ ಅಂತ ದಿನವಿಡೀ ಕೂಗುವವನು, ಇಷ್ಟಕ್ಕೆ ಲಾಯದಲ್ಲಿ ಖಾಲಿ ಪಿಚಕಾರಿ ಹಿಡಿದು ನಿಂತಿದ್ದ.

ಡಾಕ್ಟರಮ್ಮ ಬಂದ ದಿನವೂ ಹೀಗೇ ಬಾಗಿಲಲ್ಲಿ ನಿಂತಿದ್ದ. ರಬ್ಬರ್ ಬೂಟು ಹಾಕಿಕೊಂಡ, ಅರ್ಧ ಮಾತಿನಲ್ಲೇ ಕೆಲಸ ಮುಗಿಸುವ ಹೆಂಗಸು ಆಕೆ. ಕುದುರೆಯ ಪಕ್ಕೆಗೆ ಬೆರಳೊತ್ತಿ, ಒಸಡು ನೋಡಿ, ಲದ್ದಿಯನ್ನು ಬೂಟಿನ ತುದಿಯಿಂದ ಒಡೆದು ನೋಡಿ, “ಹೊಟ್ಟೇಲಿ ಹುಣ್ಣು ಅಂತ ಅನುಮಾನ. ಖಚಿತವಾಗಿ ಹೇಳ್ಬೇಕಂದ್ರೆ ಮೂಗಿನಿಂದ ಹೊಟ್ಟೆವರೆಗೂ ಕ್ಯಾಮೆರಾ ಇಳಿಸಿ ನೋಡ್ಬೇಕು. ಆ ಸಲಕರಣೆ ಇರೋದು ದೂರದ ದೊಡ್ಡ ಆಸ್ಪತ್ರೇಲಿ. ಅಲ್ಲಿವರೆಗೂ ಲಾರೀಲಿ ಕುಲುಕಿಸ್ಕೊಂಡು ಹೋದ್ರೆ ಇಲ್ದಿರೋ ಹುಣ್ಣೂ ಎದ್ದುಬಿಡುತ್ತೆ” ಎಂದಿದ್ದಳು.

“ಹಾಗಾದ್ರೆ ಏನು ಮಾಡೋದು?”

“ಹುಣ್ಣೇ ಅಂದ್ಕೊಂಡು ಔಷಧಿ ಕೊಡೋಣ. ಗುಣ ಆದ್ರೆ ಹುಣ್ಣೇ ಇತ್ತು ಅಂತ ಅರ್ಥ.”

ಈ ತರ್ಕ ಅವನಿಗೆ ಅಂದು ತಮಾಷೆಯಾಗಿ ಕಂಡಿತ್ತು, ಆಮೇಲೆ ದಿನಗಟ್ಟಲೆ ತಲೆ ತಿಂದಿತ್ತು. ಇದ್ದದ್ದು ಏನು ಅಂತ ಗೊತ್ತಾಗುವುದು ಅದು ಹೋದ ಮೇಲೆ. ಅಕ್ಕ ಈ ಮನೆಯಲ್ಲಿ ಇದ್ದಷ್ಟು ವರ್ಷ ಅವಳು ಇದ್ದಾಳೆ ಅಂತ ಅವನು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದೇ ಬಿಟ್ಟು ಓಡಾಡುವಳು. ಇವನು ಹಿಂದೆಯೇ ಗೊಣಗಿಕೊಂಡು ಒಂದೊಂದನ್ನೇ ಮುಚ್ಚುತ್ತ ಹೋಗುವನು. ಪತ್ರಿಕೆಯ ಸುದ್ದಿಯನ್ನು ಅರ್ಧ ಜೋರಾಗಿ ಓದಿ, ಉಳಿದರ್ಧ ಮನಸ್ಸಿನಲ್ಲೇ ಓದಿಕೊಂಡು, “ನೋಡಿದ್ಯಾ, ಹೆಂಗಾಯ್ತು?” ಎಂದು ಇವನನ್ನು ಕೇಳುವಳು. ಈಗ ಮನೆಯ ಬಾಗಿಲುಗಳೆಲ್ಲ ಮುಚ್ಚಿದ್ದವು, ಸುದ್ದಿಯೆಲ್ಲ ಪೂರ್ತಿಯಾಗಿತ್ತು, ಮತ್ತು ಅವನಿಗೆ ಎರಡೂ ಬೇಡವಾಗಿದ್ದವು.

“ನಮ್ಮ ಹೊಟ್ಟೆ ಊಟ ಬಂದಾಗ ಹುಳಿ ರಸ ಸುರಿಸುತ್ತೆ” ಎಂದು ಡಾಕ್ಟರಮ್ಮ ಕೈ ತೊಳೆಯುತ್ತ ಬಿಡಿಸಿ ಹೇಳಿದ್ದಳು. “ಕುದುರೇದು ಹಾಗಲ್ಲ. ತಿನ್ಲಿ ಬಿಡ್ಲಿ, ಸುರೀತಾನೇ ಇರುತ್ತೆ. ಒಳಗೆ ಹುಲ್ಲಿದ್ರೆ ಅದನ್ನ ನೆನೆಸುತ್ತೆ, ಇಲ್ದಿದ್ರೆ ಹೊಟ್ಟೇನೇ ಸುಡುತ್ತೆ. ಖಾಲಿ ಹೊಟ್ಟೇಲಿ ಓಡಿಸಿದ್ರಂತೂ ತುಳುಕಿ ಮೇಲಕ್ಕೆ ಸಿಡಿಯುತ್ತೆ.” ಅವನು ನೆಲ ನೋಡಿದ್ದ. ಅಪ್ಪ ಕಟ್ಟಿದ ಶಾಲೆ ಇದು, ಅಪ್ಪನದೇ ಕಟ್ಟುನಿಟ್ಟು: ಮೊದಲು ಸವಾರಿ, ಆಮೇಲೆ ಮೇವು, ಹೊಟ್ಟೆ ತುಂಬಿದ ಕುದುರೆ ಮೈಗಳ್ಳ ಆಗುತ್ತದೆ. ಅಪ್ಪ ಹೋದ ಮೇಲೂ ಇವನು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಜೀನಿನ ಪಟ್ಟಿ ಬಿಗಿಯುವಾಗ ಠೀವಿ ತಿರುಗಿ ಕಚ್ಚಲು ಬಂದಾಗಲೆಲ್ಲ ಅದರ ಕತ್ತಿಗೆ ಒಂದು ಬಿಗಿದು, ಸುತ್ತ ನಿಂತ ಮಕ್ಕಳ ಎದುರು, ಕೊಬ್ಬು ನೋಡಿ ಇದಕ್ಕೆ, ಎಂದು ನಗುತ್ತಿದ್ದ. ಮಕ್ಕಳೂ ನಗುತ್ತಿದ್ದರು. ಆಗ ಒಳಗೆ ಉರಿಯುತ್ತಿತ್ತು ಅದಕ್ಕೆ.

“ಧಾನ್ಯ ಕಮ್ಮಿ ಮಾಡಿ. ಹುಲ್ಲು ಬಾಯಿಗೆ ಸಿಗ್ತಾನೇ ಇರ್ಲಿ. ಜೀನು ಹಾಕೋ ಮುಂಚೆ ಒಂದೆರಡು ಹಿಡಿ ತಿನ್ಸಿ. ಒಂಟಿ ಮಾತ್ರ ಬಿಡಬೇಡಿ, ಮನಸ್ಸಿಗೆ ಹಚ್ಕೊಂಡ್ರೂ ಬರುತ್ತೆ ಇವಕ್ಕೆ. ಜೊತೇಲಿದ್ದವರು ಯಾರಾದ್ರೂ ಇತ್ತೀಚೆಗೆ ಹೋದ್ರಾ?”

“ಹೋದ್ರು. ಅಕ್ಕ.”

“ಅದೂ ಹೆಣ್ಣು ಕುದುರೇನಾ?”

“ಅಲ್ಲ. ನನ್ನ ಅಕ್ಕ.”

ಡಾಕ್ಟರಮ್ಮ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವನ ಮುಖವನ್ನು ಒಂದು ಗಳಿಗೆ ನೋಡಿ, ಕುದುರೆಯ ಕಡೆ ತಿರುಗಿ, “ಹಾಗಾದ್ರೆ ಅವರನ್ನ ಆಗಾಗ ಬಂದು ಹೋಗೋಕೆ ಹೇಳಿ” ಎಂದು ಬ್ಯಾಗು ಎತ್ತಿಕೊಂಡಿದ್ದಳು.

ಬಂದು ಹೋಗಲು ಅಕ್ಕನಿಗೆ ಪುರುಸೊತ್ತೆಲ್ಲಿ? ಐವತ್ತೈದನೆಯ ವಯಸ್ಸಿನಲ್ಲಿ ಮದುವೆಯಾದವಳು ಅವಳು. ಅವಳ ಕೈ ಹಿಡಿದ ಆ ಹಲ್ಲಿನ ಡಾಕ್ಟರು, ಹೆಂಡತಿ ತೀರಿಕೊಂಡ ಮನುಷ್ಯ, ನಿವೃತ್ತಿಯಾದ ಮೇಲೆ ಏನಾದರೂ ಕಲಿಯಬೇಕು ಅಂತ ಸವಾರಿ ಕಲಿಯಲು ಬಂದಿದ್ದ. ಠೀವಿಯ ಮೇಲೆ ಕೂರಿಸಿ, ಉದ್ದ ಹಗ್ಗ ಹಿಡಿದು, ಮೈದಾನದ ನಡುವೆ ನಿಂತು ಅವನನ್ನು ಸುತ್ತು ಹೊಡೆಸಿದ್ದು ಬೇರೆ ಯಾರೂ ಅಲ್ಲ, ಈ ತಮ್ಮನೇ. ಆ ಮನುಷ್ಯ ಕೊನೆಗೂ ಸವಾರಿ ಕಲಿಯಲಿಲ್ಲ. ಒಂದು ಸಲ ಹುಣಸೆಹಣ್ಣು ಉದುರಿದ ಹಾಗೆ ಸದ್ದಿಲ್ಲದೆ ಉದುರಿದ್ದ, ಅಕ್ಕ ಬೇಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು, ಅವನೂ ಮಣ್ಣಲ್ಲಿ ಕೂತೇ ನಕ್ಕಿದ್ದ. ಹಗ್ಗ ಹಿಡಿದು ನಿಂತಿದ್ದ ಇವನಿಗೆ ಆಗಲೇ ಗೊತ್ತಾಗಬೇಕಿತ್ತು. ಅಕ್ಕ ತನ್ನ ಜೊತೆ ಹಾಗೆ ನಕ್ಕು ಎಷ್ಟು ಕಾಲವಾಗಿತ್ತು ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಿದ್ದ. ಭಾವ ಒಳ್ಳೆಯವನೇ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಮದುವೆಯ ದಿನ ಯಾರೋ ನೆಂಟರು ಬೆನ್ನು ತಟ್ಟಿ, ಇನ್ನು ನಿನಗೆ ಅಕ್ಕನ ಸೆರಗು ಹಿಡ್ಕೊಳ್ಳೋಕೆ ಆಗಲ್ಲ ಕಣಪ್ಪ ಎಂದಿದ್ದಕ್ಕೆ ಎಲ್ಲರ ಜೊತೆ ಹಲ್ಲು ಕಿರಿದಿದ್ದ. ಆ ನಗು ಮುಖದಲ್ಲಿ ಸಂಜೆಯವರೆಗೂ ಅಂಟಿಕೊಂಡೇ ಇತ್ತು.

ಮೊದಮೊದಲು ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು, ನಿಂದು, ಆಯ್ತು, ಮತ್ತೆ, ಮತ್ತೇನಿಲ್ಲ. ಅಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು. ಒಂದೇ ಸೂರಿನಡಿ ಅಷ್ಟು ವರ್ಷ ಬದುಕಿದವರಿಗೆ ಫೋನಿನಲ್ಲಿ ಆಡಲು ಮಾತೇ ಇರುವುದಿಲ್ಲ. ಮನೆಯೊಳಗೆ ಆಡುತ್ತಿದ್ದದ್ದೂ ಮಾತಲ್ಲ, ಉಪ್ಪು ಎಲ್ಲಿಟ್ಟೆ, ದೀಪ ಆರಿಸಿದ್ಯಾ, ಇಂಥವೇ. ಠೀವಿ ಮೇವು ಬಿಟ್ಟ ದಿನದಿಂದ ಎಲ್ಲ ಬದಲಾಯಿತು. ಅಕ್ಕ ದಿನಾ ಫೋನು ಮಾಡತೊಡಗಿದಳು, ಕೆಲವು ದಿನ ಎರಡು ಹೊತ್ತು. ಲದ್ದಿ ಹೇಗಿದೆ, ಕಣ್ಣು ಹೇಗಿದೆ, ಪಟ್ಟಿ ಬಿಗಿದಾಗ ಏನು ಮಾಡುತ್ತೆ, ಅದರ ಹತ್ತಿರ ಹಿಡಿ ಫೋನು, ನಾನು ಮಾತಾಡ್ತೀನಿ. ಅವನು ಫೋನನ್ನು ಕುದುರೆಯ ಕಿವಿಗೆ ಹಿಡಿದು ನಿಲ್ಲುತ್ತಿದ್ದ. ಅಕ್ಕ ಅದಕ್ಕೆ ಬಂಗಾರ, ಪುಟ್ಟ, ನನ್ನ ರಾಜಕುಮಾರಿ ಎನ್ನುತ್ತಿದ್ದಳು. ಪಕ್ಕದಲ್ಲಿ ತಲೆ ಬಾಗಿಸಿ ನಿಂತ ಅವನಿಗೂ ಅದು ಕೇಳುತ್ತಿತ್ತು. ಬೇಕೆಂದೇ ಫೋನನ್ನು ಸ್ವಲ್ಪ ಈಚೆಗೆ ಹಿಡಿಯುತ್ತಿದ್ದ.

ಆ ಬೆಳಿಗ್ಗೆಯೂ ಫೋನು ಬಂತು. “ಹೇಗಿದೆಯೋ?” ಎಂದಳು ಅಕ್ಕ.

ಖಾಲಿ ಬಲೆಚೀಲ ಅವನ ಕಣ್ಣೆದುರೇ ಇತ್ತು. “ಹಾಗೇ ಇದೆ” ಎಂದ.

“ಏನೂ ತಿಂದಿಲ್ವಾ?”

“ಎಲ್ಲಿ ತಿನ್ನುತ್ತೆ. ಮೂಸಿ ಬಿಟ್ಟುಬಿಡುತ್ತೆ.”

ಹೇಳಿದ್ದೇ ತಡ, ಠೀವಿ ಹಿಂದಿನಿಂದ ಅವನ ಜೇಬಿಗೆ ಮೂತಿ ಹಾಕಿ ಏನಾದರೂ ಇದೆಯೇ ಎಂದು ಹುಡುಕತೊಡಗಿತು. ಅತ್ತ ಅಕ್ಕ ಭಾವನಿಗೆ ಏನೋ ಹೇಳಿದ್ದು, ಅವನು ಸರಿ ಸರಿ ಎಂದದ್ದು ಕೇಳಿಸಿತು. “ನಾನು ಬರ್ತೀನಿ. ನಿನ್ನ ಕೈಲಾಗಲ್ಲ ಇದು” ಎಂದಳು. ಆ ಕೊನೆಯ ಮಾತು ಚುಚ್ಚಲಿಲ್ಲ. ಆ ದಿನ ಪಾಠದಲ್ಲಿ ಯಾರ ಬೆನ್ನು ಬಾಗಿದರೂ ಅವನು ಕೂಗಲಿಲ್ಲ.

ಅಕ್ಕ ಬಂದಳು. ಭಾವ ಕಾರಿನಲ್ಲಿ ತಂದು ಬಿಟ್ಟು, ಟೀ ಕುಡಿದು, ಠೀವಿಯಿಂದ ಸಾಕಷ್ಟು ದೂರದಲ್ಲಿ ನಿಂತು ಅದಕ್ಕೊಂದು ನಮಸ್ಕಾರ ಮಾಡಿ ಹೊರಟುಹೋದ. ಅಕ್ಕ ಮನೆಯೊಳಗೆ ಕಾಲಿಡಲಿಲ್ಲ, ಚೀಲವನ್ನು ಅಂಗಳದಲ್ಲೇ ಇಟ್ಟು ನೇರ ಲಾಯಕ್ಕೆ ನಡೆದಳು. ಠೀವಿ ಅವಳ ಹೆಜ್ಜೆಯ ಸದ್ದಿಗೇ ಕೆನೆಯಿತು. ಅವಳು ಅದರ ಹಣೆಗೆ ಹಣೆ ಒತ್ತಿ ನಿಂತಾಗ ಇವನು ಚೀಲ ಎತ್ತಿಕೊಂಡು ಮನೆಯ ಕಡೆ ಹೊರಟ. ತನಗೂ ಕೆನೆಯಲು ಬಂದಿದ್ದರೆ ಎನಿಸಿತು. ಆಮೇಲಿನ ಒಂದೆರಡು ದಿನ ಹೇಗೆ ಕಳೆದವೋ. ಕಪಾಟುಗಳೆಲ್ಲ ಬಾಯಿ ತೆರೆದುಕೊಂಡವು. ಸ್ನಾನದ ಮನೆಯಲ್ಲಿ ಅವಳ ಸೋಪು ಒದ್ದೆಯಾಗಿ ಕೂತಿತು. ಊಟಕ್ಕೆ ಕೂತಾಗ ಅವನ ತಟ್ಟೆ ನೋಡಿ, “ಇಷ್ಟೇನಾ ತಿನ್ನೋದು? ನಿನಗೂ ಆ ಕುದುರೆಗೂ ಒಂದೇ ಔಷಧಿ ಕೊಡ್ಬೇಕು” ಎಂದು ಬಡಿಸಿದಳು. ಅವನು ತಿಂದ. ತಿಂಗಳುಗಟ್ಟಲೆ ತಿನ್ನದೇ ಇದ್ದದ್ದನ್ನೆಲ್ಲ ತಿಂದ. ಇದು ಹೀಗೇ ಇರಲಿ ಎಂದು ಬಾಯಿ ಬಿಟ್ಟು ಹೇಳುವಷ್ಟು ಆಸೆಯಾಗಿ, ತುತ್ತಿನ ಜೊತೆ ಅದನ್ನೂ ನುಂಗಿಕೊಂಡ.

ಕುದುರೆ ಮಾತ್ರ ನಾಚಿಕೆಯಿಲ್ಲದೆ ಚೆನ್ನಾಗಿತ್ತು. ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು, ಪಟ್ಟಿ ಬಿಗಿದರೆ ಬಾಲವನ್ನೂ ಅಲ್ಲಾಡಿಸುತ್ತಿರಲಿಲ್ಲ. ಅಕ್ಕನಿಗೆ ಹೆಮ್ಮೆ. “ನೋಡ್ದ್ಯಾ, ನಾನು ಬಂದಿದ್ದೇ ಬಂದಿದ್ದು, ಹೇಗೆ ತಿಂತಿದೆ. ನನ್ನೇ ಹಚ್ಕೊಂಡಿತ್ತು, ಪಾಪ” ಎಂದು ಊಟದ ಮೇಜಿನ ಮೇಲಿದ್ದ ಚೂರುಗಳನ್ನು ಕೈಯಿಂದ ಒಟ್ಟುಮಾಡುತ್ತ ಹೇಳಿದಳು. ಆಮೇಲೆ, ಅದೇ ಉಸಿರಿನಲ್ಲಿ, “ಈ ವಾರದ ಕೊನೇಲಿ ಹೊರಡ್ತೀನಿ. ಅವರಿಗೆ ಒಬ್ಬರೇ ಇದ್ರೆ ಊಟದ ಹೊತ್ತು ಗೊತ್ತಾಗಲ್ಲ” ಎಂದಳು. ನನಗೆ ಗೊತ್ತಾಗುತ್ತಾ ಎಂದು ಅವನು ಕೇಳಲಿಲ್ಲ. ತಟ್ಟೆ ತೊಳೆಯಲು ಎದ್ದ.

ಮಾರನೆಯ ದಿನ ಅಕ್ಕ ಹಳೆಯ ಗೆಳತಿಯನ್ನು ನೋಡಲು ಪೇಟೆಗೆ ಹೋದಳು. ಅವನು ಲಾಯಕ್ಕೆ ಹೋದ. ತಾನು ಏನು ಮಾಡಲು ಬಂದಿದ್ದೇನೆ ಎಂದು ಗೊತ್ತಿಲ್ಲದವನ ಹಾಗೆ ಸ್ವಲ್ಪ ಹೊತ್ತು ಕಸ ಗುಡಿಸಿದ. ನೀರಿನ ತೊಟ್ಟಿ ತೊಳೆದ. ಆಮೇಲೆ ತುಂಬಿದ ಬಲೆಚೀಲವನ್ನು ಕೊಂಡಿಯಿಂದ ಬಿಡಿಸಿ, ಹೆಗಲ ಮೇಲೆ ಹೊತ್ತು, ಜೀನು ಇಡುವ ಕೋಣೆಗೆ ಒಯ್ದು, ಹಳೆಯ ಕಂಬಳಿಗಳ ಹಿಂದೆ ಇಟ್ಟ. ಔಷಧಿಯಂತೂ ಕೊಟ್ಟಿದ್ದೇನಲ್ಲ ಎಂದು ಸಮಾಧಾನ ಹೇಳಿಕೊಂಡ. ಒಂದು ಹೊತ್ತಿಗೆ ಏನಾಗುತ್ತದೆ, ಅಪ್ಪನ ಕಾಲದಲ್ಲಿ ದಿನವೂ ಹೀಗೇ ಇತ್ತಲ್ಲ. ಠೀವಿ ಬಾಗಿಲ ಮೇಲಿಂದ ಕತ್ತು ಚಾಚಿ, ಹುಲ್ಲು ಹೋದ ದಿಕ್ಕನ್ನೇ ನೋಡುತ್ತಿತ್ತು. ಅವನು ವಾಪಸು ಬಂದಾಗ ಕೈ ಮೂಸಿತು. ಕೈಯಲ್ಲಿ ವಾಸನೆಯಿತ್ತು, ಹುಲ್ಲಿರಲಿಲ್ಲ. ಅವನು ಮುಖ ತಿರುಗಿಸಿಕೊಂಡು ಹೊರಗೆ ಬಂದ. ಅಕ್ಕ ಬರುವ ಸ್ವಲ್ಪ ಮುಂಚೆ ಒಂದಿಷ್ಟು ಹುಲ್ಲು ತಂದು ನೆಲದಲ್ಲಿ ಚೆಲ್ಲಿದ, ತಿನ್ನದೇ ಬಿಟ್ಟ ಹಾಗೆ ಕಾಣಲಿ ಅಂತ. ಅದು ಹಸಿದಿತ್ತು, ಅದನ್ನೂ ಗಬಗಬನೆ ತಿಂದುಬಿಟ್ಟಿತು. ಅದಕ್ಕೇ ಮರುದಿನ ಮತ್ತೆ ಮಾಡಬೇಕಾಯಿತು. ಅಕ್ಕ ಮಹಡಿಯ ಕೋಣೆಯಲ್ಲಿ ತನ್ನ ಹಳೆಯ ಬಟ್ಟೆಗಳನ್ನು ವಿಂಗಡಿಸುತ್ತ ಕೂತಿದ್ದ ಹೊತ್ತಿನಲ್ಲಿ, ಖಾಲಿ ಹೊಟ್ಟೆಯ ಮೇಲೆಯೇ ಜೀನು ಹಾಕಿ ಠೀವಿಯನ್ನು ಮೈದಾನದಲ್ಲಿ ಓಡಿಸಿದ. ಪಟ್ಟಿ ಬಿಗಿದಾಗ ಅದು ಕಚ್ಚಲು ಬರಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು.

ಸಂಜೆಗೆ ಹಲ್ಲು ಕಡಿಯುವ ಸದ್ದು ಶುರುವಾಯಿತು. ಒಣಗಿದ ಸೌದೆ ಮುರಿಯುವ ಹಾಗಿರುತ್ತದೆ ಆ ಸದ್ದು, ಲಾಯದ ಹೊರಗೂ ಕೇಳುತ್ತದೆ. ಈಗ ಎದುರಿಗಿಟ್ಟ ಹುಲ್ಲನ್ನೂ ಠೀವಿ ಮೂಸಿ ಬಿಟ್ಟಿತು, ಫೋನಿನಲ್ಲಿ ಅವನು ಹೇಳಿದ್ದ ಹಾಗೆಯೇ. ಕತ್ತು ತಿರುಗಿಸಿ ಪಕ್ಕೆ ನೋಡಿಕೊಂಡಿತು. ಅಕ್ಕ ಅದರ ಹೊಟ್ಟೆಯ ಕೆಳಗೆ ಕೈಯಿಟ್ಟಳು. ಅದು ಹಿಂದಿನ ಕಾಲನ್ನು ಎತ್ತಿ ನೆಲಕ್ಕೆ ಬಡಿಯಿತು. ಅವಳು ಕೈ ತೆಗೆದು ಹಿಂದೆ ಸರಿದಳು. ಇನ್ನೊಂದು ವಾರ ಇರ್ತೀನಿ ಅಂತಾಳೆ, ಈಗ ಅಂತಾಳೆ, ಎಂದು ಅವನು ಉಸಿರು ಹಿಡಿದು ಕಾದ. ಕುದುರೆಯ ನೋವು ಕಾಣುತ್ತಲೇ ಇತ್ತು, ಅದರ ಕಣ್ಣಿನ ಮೇಲಿನ ಸುಕ್ಕು ಕೂಡ ಕಾಣುತ್ತಿತ್ತು, ಆದರೂ ಕಾದ.

“ನಾನು ಬರಬಾರದಿತ್ತು ಕಣೋ” ಎಂದಳು ಅಕ್ಕ.

ಅವನಿಗೆ ಅರ್ಥವಾಗಲಿಲ್ಲ.

“ಬಂದಾಗ ಎಷ್ಟು ಚೆನ್ನಾಗಾಯ್ತು ನೋಡು. ನಾನು ಹೊರಡೋ ಮಾತು ಎತ್ತಿದೆ, ಚೀಲ ಕಟ್ಟೋಕೆ ಶುರು ಮಾಡಿದೆ, ಮತ್ತೆ ಬಿತ್ತು. ಇವಕ್ಕೆ ಎಲ್ಲ ಗೊತ್ತಾಗುತ್ತೆ. ಬಂದು ಆಸೆ ಹುಟ್ಟಿಸಿ ಹೋದ್ರೆ ಪ್ರತಿ ಸಲಾನೂ ಇದೇ ಕತೆ. ಬೆಳಿಗ್ಗೇನೇ ಹೊರಡ್ತೀನಿ, ಇನ್ನು ನಾನು ಬರಲ್ಲ. ಫೋನನ್ನೂ ಅದರ ಕಿವಿಗೆ ಹಿಡಿಬೇಡ. ಮರೀಲಿ ನನ್ನ. ಮರೆತ್ರೆ ಬದುಕಿಕೊಳ್ಳುತ್ತೆ.”

ಅವಳು ಅಳುತ್ತಿದ್ದಳು. ಅಪ್ಪ ಹೋದಾಗಲೂ ಹೀಗೆ ಎದುರಿಗೆ ಅತ್ತವಳಲ್ಲ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡು, ಕಾಲಿನಿಂದ ನೆಲದ ಹುಲ್ಲನ್ನು ಒಂದು ಕಡೆ ಸರಿಸಿದ. ಹೇಳಿದರೆ ಅವಳ ಕಣ್ಣಲ್ಲಿ ತಾನು ಯಾರು? ಹೇಳದಿದ್ದರೆ ಅವಳು ಇಲ್ಲಿಗೆ ಬರುವುದೇ ಇಲ್ಲ, ಒಂದು ಕುದುರೆಯ ಒಳ್ಳೆಯದಕ್ಕೆ ಅಂತ. ತಾನು ತೋಡಿದ ಗುಂಡಿ ಇಷ್ಟು ಆಳವಿದೆ ಅಂತ ಬಿದ್ದ ಮೇಲೆಯೇ ಗೊತ್ತಾಗಿತ್ತು. ಆ ಸಂಜೆ ಅವನು ಏನೂ ಹೇಳಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ, ಅವಳು ಹೇಳಿದ ಹಾಗೆ ಹುಲ್ಲನ್ನು ನೆನೆಸಿ, ಹಿಡಿ ಹಿಡಿಯಾಗಿ ಕೈಯಿಂದಲೇ ತಿನ್ನಿಸುತ್ತ ಕೂತ. ಠೀವಿ ಅವನ ಕೈಯಿಂದ ತಿಂದಿತು. ಅದಕ್ಕೆ ಅವನ ಮೇಲೆ ಯಾವ ಸಿಟ್ಟೂ ಇರಲಿಲ್ಲ.

ಬೆಳಿಗ್ಗೆ ಭಾವ ಬಂದ. ಅಕ್ಕ ಕುದುರೆಯನ್ನು ನೋಡಲು ಹೋಗಲಿಲ್ಲ, ನೋಡಿದರೆ ಅದಕ್ಕೆ ಗೊತ್ತಾಗುತ್ತೆ ಎಂದಳು. ಚೀಲ ಹಿಂದಿನ ಸೀಟಿಗೆ ಹೋಯಿತು. ಭಾವ ಒಂದು ಚಕ್ರಕ್ಕೆ ಒದ್ದು ನೋಡಿ, ಅದರಿಂದ ಏನು ಗೊತ್ತಾಯಿತೋ, ಒಳಗೆ ಹೋಗಿ ಕೂತ. ಅಕ್ಕ ಕಾರಿನ ಬಾಗಿಲ ಮೇಲೆ ಕೈಯಿಟ್ಟಾಗ ಅವನು, “ಹುಲ್ಲು ನಾನೇ ತೆಗೆದೆ” ಎಂದ.

“ಯಾವ ಹುಲ್ಲು?”

“ಠೀವೀದು. ನೀನು ಪೇಟೆಗೆ ಹೋಗಿದ್ಯಲ್ಲ, ಆಗ. ಮಾರನೇ ದಿನಾನೂ. ಖಾಲಿ ಹೊಟ್ಟೇಲಿ ಓಡಿಸಿದೆ. ನೀನು ಬರೋ ಮುಂಚೇನೇ ಅದಕ್ಕೆ ವಾಸಿಯಾಗಿತ್ತು, ಫೋನಲ್ಲಿ ಸುಳ್ಳು ಹೇಳ್ದೆ. ಅದು ನಿನ್ನಿಂದ ಬೀಳ್ಲಿಲ್ಲ ಅಕ್ಕ. ನಾನೇ ಬೀಳ್ಸಿದ್ದು.”

ಅಕ್ಕ ಅವನನ್ನು ನೋಡಿದಳು. ತಿರುಗಿ ಲಾಯದ ಕಡೆ ನಡೆದಳು, ಅವನು ಹಿಂದೆ ಹೋದ. ಅವಳು ಠೀವಿಯ ಒಸಡು ನೋಡಿ, ಪಕ್ಕೆ ಮುಟ್ಟಿ, ನೆನೆಸಿಟ್ಟ ಹುಲ್ಲನ್ನು ತಾನೇ ಹಿಡಿ ತುಂಬ ಎತ್ತಿ ಅದರ ಮುಂದೆ ಹಾಕಿ, ಅದು ಅಗಿಯತೊಡಗುವವರೆಗೂ ನಿಂತಳು. ಆಮೇಲೆ ಕೈ ಒರೆಸಿಕೊಂಡಳು.

“ಇಂಥ ಮೂಕಪ್ರಾಣಿ ಮುಖ ನೋಡ್ಕೊಂಡು ಹೇಗೆ ಮನಸ್ಸು ಬಂತು ನಿನಗೆ?”

“ಮುಖ ನೋಡ್ಲಿಲ್ಲ.”

“ನನ್ನ ನೋಡ್ಬೇಕು ಅನ್ಸಿದ್ರೆ ಬಾ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ಬರ್ತಿದ್ಯಾ?”

ಬರ್ತಿದ್ದೆ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಹೊರಗೆ ಭಾವ ಒಂದು ಸಲ ಹಾರನ್ ಒತ್ತಿ, ತಪ್ಪಾಯಿತೇನೋ ಎನ್ನುವ ಹಾಗೆ ಸುಮ್ಮನಾದ. “ಇಲ್ಲ” ಎಂದಳು ಅಕ್ಕ ಕೊನೆಗೆ. “ಬರ್ತಿರ್ಲಿಲ್ಲ. ಬಂದ್ರೆ ಮತ್ತೆ ಇಲ್ಲೇ ಉಳಿದುಬಿಡ್ತೀನೇನೋ ಅಂತ ಹೆದರಿಕೆ ನನಗೆ. ಕುದುರೆ ನೆಪ ಸಿಕ್ತು ಅಂತ ನಾನೂ ಖುಷೀಲೇ ಬಂದೆ ಕಣೋ.” ಅವನ ತೋಳನ್ನು ಬಿಗಿಯಾಗಿ ಹಿಡಿದು, ಅದು ಸಿಟ್ಟೋ ಪ್ರೀತಿಯೋ ಅವನಿಗೆ ತಿಳಿಯುವ ಮೊದಲೇ ಬಿಟ್ಟು, ಹೋಗಿ ಕಾರಿನಲ್ಲಿ ಕೂತಳು.

ಕಾರು ಗೇಟು ದಾಟಿ ಉದ್ದದ ರಸ್ತೆಗೆ ಇಳಿಯಿತು. ಅವನು ಫೋನು ತೆಗೆದು ಅಕ್ಕನ ಹೆಸರು ಒತ್ತಿದ. ಹಿಂದಿನ ಗಾಜಿನೊಳಗೆ ಅವಳ ತಲೆ ಬಾಗಿದ್ದು, ಕೈಚೀಲದಲ್ಲಿ ಹುಡುಕಿದ್ದು ಇಲ್ಲಿಂದಲೇ ಕಂಡಿತು. ಅವಳು ಎತ್ತಿದಳು.

“ಅಕ್ಕ, ಬಾ” ಎಂದ.

ಕಾರು ನಿಲ್ಲಲಿಲ್ಲ. ಅಕ್ಕ ಏನೂ ಅನ್ನಲಿಲ್ಲ, ಫೋನು ಇಡಲೂ ಇಲ್ಲ. ರಸ್ತೆ ತಿರುಗಿ ಕಾರು ಮರೆಯಾದ ಮೇಲೂ ಅವನು ಗೇಟಿನ ಹತ್ತಿರ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಎಂಜಿನಿನ ಸದ್ದಿನ ನಡುವೆ ಅವಳ ಉಸಿರು ಕೇಳುತ್ತಿತ್ತು.